ಚಿಲಿಕಾ ಸರೋವರದಲ್ಲಿ ಜಲವಿಹಾರ

ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ರೈಲು ಬ್ರಹ್ಮಪುರವನ್ನು ದಾಟಿ ಉತ್ತರಾಭಿಮುಖವಾಗಿ ಸ್ವಲ್ಪ ದೂರ ಓಡಿದ ಮೇಲೆ, ಎಡಗಡೆಯಲ್ಲಿ ಪೂರ್ವಘಟ್ಟಗಳ ಗುಡ್ಡಸಾಲು ಹಳಿಯ ಸಮೀಪಕ್ಕೆ ಸರಿದುಬರಲು, ಬಲಗಡೆಯ ಗದ್ದೆಬಯಲು ಇದ್ದಕ್ಕಿದ್ದಂತೆ ಮುಗಿದು, ಆಚೆಯ ದಡವೇ ಕಾಣದ ಬೂದುಬಣ್ಣದ ಜಲರಾಶಿಯೊಂದು ಕಿಟಕಿಯ ತುಂಬ ಹರಡಿಕೊಳ್ಳುತ್ತದೆ. ಮೊದಲ ಸಲ ಈ ದಾರಿಯಲ್ಲಿ ಪಯಣಿಸುವವರು ಅದನ್ನು ಸಮುದ್ರವೆಂದೇ ಬಗೆಯುವುದುಂಟು. ಸಮುದ್ರವಿರುವುದು ಇನ್ನೂ ಆಚೆಗೆ, ನೀಳವಾದ ಮರಳದಿಬ್ಬದ ಹಿಂದೆ. ಕಣ್ಣೆದುರಿನದು ಪುರಿ, ಖುರ್ದಾ, ಗಂಜಾಂ ಎಂಬ ಮೂರು ಜಿಲ್ಲೆಗಳಲ್ಲಿ ಹಬ್ಬಿರುವ ಚಿಲಿಕಾ ಸರೋವರ.

ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮೊದಲಾದ ಹೊಳೆಗಳು ಉತ್ತರದಿಂದ ಸಿಹಿನೀರನ್ನು ತಂದು ಸುರಿಯುತ್ತಿರಲು, ಅಳಿವೆಯ ಬಾಯಿಂದ ಕಡಲ ನೀರು ಉಬ್ಬರದೊಡನೆ ಒಳಸೇರುತ್ತಿರಲು, ಮಳೆಗಾಲದಲ್ಲಿ 1,100 ಚದರ ಕಿಲೋಮೀಟರಿಗೂ ಮೀರಿ ಹರಡಿ ಬೇಸಗೆಯಲ್ಲಿ 900ರ ಸುಮಾರಿಗೆ ಕುಗ್ಗುವ ಈ ಸರೋವರವು, ಋತುಮಾನಕ್ಕೆ ತಕ್ಕಂತೆ ತನ್ನ ರುಚಿಯನ್ನೂ ಬದಲಿಸುತ್ತದೆ. ಇಷ್ಟು ವಿಶಾಲವಾಗಿದ್ದರೂ ಅದು ಆಳವಾದುದಲ್ಲ. ಬಹುಭಾಗದಲ್ಲಿ ನೀರು ಎರಡಾಳಿನ ಎತ್ತರವನ್ನು ಮೀರದು. ಆದುದರಿಂದಲೇ ಹೊಳೆಗಳು ತರುವ ಹೂಳು ಇದಕ್ಕೆ ನಿತ್ಯದ ಭಯ. ಕಳೆದ ಶತಮಾನದ ಕೊನೆಗೆ ಅಳಿವೆ ಕಟ್ಟಿಕೊಂಡು ಉಪ್ಪಿನಂಶ ಇಳಿದುಹೋಗಿ, ಕಳೆ ಹಬ್ಬಿ, ಮೀನು ಕ್ಷೀಣಿಸಿ, 1981ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜಲತಾಣಗಳ ರಾಮ್ಸರ್ ಪಟ್ಟಿಗೆ ಸೇರಿ ಗೌರವ ಪಡೆದಿದ್ದ ಈ ಸರೋವರವೇ 1993ರಲ್ಲಿ ಅಪಾಯಕ್ಕೊಳಗಾದ ಜಲತಾಣಗಳ ಸಾಲಿಗೆ ಬಿದ್ದಿತು. 2000ದ ಸೆಪ್ಟೆಂಬರ್ 23ರಂದು ಸತಪಾಡಾ ಎಂಬ ಊರಿನ ಸಮೀಪದಲ್ಲಿ ಹೊಸ ಅಳಿವೆಯೊಂದನ್ನು ತೆರೆದಮೇಲೆ ಕಡಲು ಮರಳಿ ಒಳಬಂದಿತು, ಮೀನು ಮರಳಿತು, 2002ರಲ್ಲಿ ಆ ಅಪಾಯದ ಮುದ್ರೆಯೂ ಅಳಿಯಿತು. ಇಂದು ವಿಹಾರಕ್ಕೆಂದು ದೋಣಿಯೇರುವ ಪ್ರತಿಯೊಬ್ಬನೂ ಈ ಚೇತರಿಕೆಗೆ ಋಣಿಯಾಗಿದ್ದಾನೆ.

ಚಿಲಿಕೆಯನ್ನು ನೋಡತಕ್ಕ ಕಾಲವು ಕಾರ್ತಿಕದಿಂದ ಫಾಲ್ಗುಣದವರೆಗೆ. ನೋಡತಕ್ಕ ಮೊದಲ ಸ್ಥಳವು ಉತ್ತರದ ಅಂಚಿನಲ್ಲಿ, ತಾಂಗಿಯ ಸಮೀಪದಲ್ಲಿರುವ ಮಂಗಳಾಜೋಡಿ. ಇಲ್ಲಿಯ ಜೌಗಿನಲ್ಲಿ ಯಂತ್ರದ ದೋಣಿಗೆ ಎಡೆಯಿಲ್ಲ. ಚಪ್ಪಟೆ ತಳದ ಮರದ ದೋಣಿಯ ಹಿಂತುದಿಯಲ್ಲಿ ನಿಂತ ಅಂಬಿಗನು ಬಿದಿರ ಜಲ್ಲೆಯನ್ನು ಕೆಸರಿಗೆ ಊರಿ ಮೆಲ್ಲನೆ ತಳ್ಳುತ್ತಾನೆ; ಜಲ್ಲೆ ಮೇಲೇಳುವಾಗ ಅದರಿಂದ ತೊಟ್ಟಿಕ್ಕುವ ನೀರಿನ ಸದ್ದನ್ನುಳಿದು ಬೇರಾವ ಶಬ್ದವೂ ಇಲ್ಲ. ನಾವು ಹೋದ ಮುಂಜಾನೆ, ಮಂಜು ಇನ್ನೂ ಜೊಂಡಿನ ತುದಿಯಲ್ಲಿ ತೂಗುತ್ತಿದ್ದಾಗ, ದೋಣಿಯಿಂದ ಹತ್ತು ಮಾರು ದೂರದಲ್ಲಿ ಗೊರವ ಹಕ್ಕಿಗಳ ಹಿಂಡೊಂದು ಮೊಣಕಾಲುದ್ದದ ನೀರಿನಲ್ಲಿ ನಿಂತು, ನೀಳವಾದ ಕೊಕ್ಕನ್ನು ಬುಡದವರೆಗೆ ಕೆಸರಿಗಿಳಿಸಿ ಹುಳುವನ್ನು ಹುಡುಕುತ್ತಿದ್ದುದನ್ನು ಕಂಡೆವು. ಒಂದು ಹಕ್ಕಿ ತಲೆಯೆತ್ತಿ ನಮ್ಮನ್ನು ನೋಡಿತು. ಅಂಬಿಗನು ಜಲ್ಲೆಯನ್ನು ಹಾಗೆಯೇ ಹಿಡಿದು ನಿಂತುಬಿಟ್ಟನು. ಕ್ಷಣಕಾಲದ ಮೇಲೆ ಅದು ಪುನಃ ತಲೆ ತಗ್ಗಿಸಿ ತನ್ನ ಕೆಲಸಕ್ಕೆ ತೊಡಗಿತು. ಹಾರದೆ ಉಳಿದ ಆ ಒಂದು ಹಕ್ಕಿಯಿಂದ ನನಗಾದ ಸಂತೋಷವು ಆಕಾಶ ತುಂಬ ಹಾರಿದ ಸಾವಿರ ಹಕ್ಕಿಗಳಿಂದಲೂ ಆಗುತ್ತಿರಲಿಲ್ಲ.

ಹೀಗೆ ಹಕ್ಕಿಯ ಮನಸ್ಸನ್ನರಿತು ನಿಲ್ಲುವ ವಿದ್ಯೆ ಈ ಊರಿಗೆ ಬಂದುದು ಬೇಟೆಯಿಂದ. ಒಂದು ಕಾಲಕ್ಕೆ ಮಂಗಳಾಜೋಡಿಯ ಅನೇಕ ಮನೆಗಳು ಹಕ್ಕಿಗಳನ್ನು ಕೊಂದು ಮಾರಿ ಬದುಕುತ್ತಿದ್ದವು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಲ್ಲಿಗೆ ಬರುವ ಹಕ್ಕಿಗಳ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿದಿತ್ತು. ಊರಿನವರು ಬೇಟೆಯನ್ನು ತೊರೆದು ಹಕ್ಕಿಗಳ ರಕ್ಷಣೆಗೆ ಸಮಿತಿಯನ್ನು ಕಟ್ಟಿಕೊಂಡ ಮೇಲೆ, ಅದೇ ಕಣ್ಣು, ಅದೇ ಕೈ, ಜೊಂಡಿನೊಳಗಣ ಅದೇ ದಾರಿಗಳ ಜ್ಞಾನ ಯಾತ್ರಿಕರ ಸೇವೆಗೆ ಒದಗಿದುವು. ಹಕ್ಕಿಗಳೂ ಲಕ್ಷದ ಲೆಕ್ಕದಲ್ಲಿ ಮರಳಿದುವು. ಸಂಸ್ಕೃತ ಕಾವ್ಯಗಳಲ್ಲಿ ವಿರಹಕ್ಕೆ ಉಪಮಾನವಾಗಿ ಮಾತ್ರ ಪರಿಚಿತವಾಗಿದ್ದ ಚಕ್ರವಾಕವು ಕೇಸರಿ ಮೈಯನ್ನು ಬಿಸಿಲಿಗೊಡ್ಡಿ ಜೋಡಿಯಾಗಿ ಕುಳಿತಿರುವುದನ್ನೂ, ದೇವನಕ್ಕಿ ತನ್ನ ನೀಳ ಬೆರಳುಗಳನ್ನು ಹರವಿ ತೇಲುವ ಎಲೆಗಳ ಮೇಲೆ ನಡೆದಾಡುವುದನ್ನೂ ಇಲ್ಲಿ ಕಣ್ಣಾರೆ ನೋಡಬಹುದು.

ಸರೋವರದ ನಡುವಿನ ನಳಬಣವು 15 ಚದರ ಕಿಲೋಮೀಟರಿಗೂ ಮಿಕ್ಕ ಪಕ್ಷಿಧಾಮ. ನಳವೆಂದರೆ ಜೊಂಡು, ಬಣವೆಂದರೆ ವನ. ಮಳೆಗಾಲದಲ್ಲಿ ನೀರಿನಡಿ ಮುಳುಗಿಹೋಗುವ ಈ ದ್ವೀಪವು ಚಳಿಗಾಲಕ್ಕೆ ಮತ್ತೆ ಮೇಲೆದ್ದು, ರಾಜಹಂಸಗಳಿಗೂ ಬಾತುಗಳಿಗೂ ನೆಲೆಯಾಗುತ್ತದೆ. ಅಲ್ಲಿಂದಾಚೆ ಗುಡ್ಡದಂಥ ಪುಟ್ಟ ದ್ವೀಪವೊಂದರ ಮೇಲೆ ಕಾಳಿಜಾಯಿಯ ಗುಡಿಯಿದೆ. ಗಂಡನ ಮನೆಗೆಂದು ತಂದೆಯೊಡನೆ ದೋಣಿಯಲ್ಲಿ ಹೊರಟ ಜಾಯಿ ಎಂಬ ನವವಧು ಬಿರುಗಾಳಿಗೆ ಸಿಕ್ಕಿ ಮುಳುಗಿ ದೇವಿಯಾದಳೆಂಬುದು ಐತಿಹ್ಯ. ಮಕರ ಸಂಕ್ರಾಂತಿಯ ಜಾತ್ರೆಯಂದು ದೋಣಿಗಳು ಸಾಲುಗಟ್ಟಿ ಅಲ್ಲಿಗೆ ಸಾಗುತ್ತವೆ. ಬರ್ಕುಲ್ ಮತ್ತು ರಂಭಾ ಊರುಗಳ ತಡಿಯಿಂದ ಈ ದ್ವೀಪಗಳ ಕಡೆಗೆ ದೋಣಿಗಳು ಸಿಗುತ್ತವೆ.

ಸತಪಾಡಾದ ಕಡೆಗೆ ಜನರನ್ನು ಸೆಳೆಯುವುದು ಐರಾವತಿ ಡಾಲ್ಫಿನ್. ಚಿಲಿಕೆಯಲ್ಲಿ ಅವುಗಳ ಸಂಖ್ಯೆ ನೂರೈವತ್ತರ ಆಸುಪಾಸು. ಚೂಪುಮೂತಿಯಿಲ್ಲದ ದುಂಡುತಲೆಯ ಈ ಪ್ರಾಣಿ ಎತ್ತರಕ್ಕೆ ನೆಗೆದು ಆಟ ತೋರುವ ಜಾತಿಯದಲ್ಲ. ಬೂದು ಬೆನ್ನೊಂದು ಮೇಲೆದ್ದು, ಒಂದು ನಿಟ್ಟುಸಿರು ಕೇಳಿ, ನೀರು ಮತ್ತೆ ಸಮವಾಗುತ್ತದೆ. ಬಲೆಯ ಕಡೆಗೆ ಮೀನನ್ನು ಅಟ್ಟಿಕೊಡುವ ನೆಂಟನೆಂದು ಬೆಸ್ತರು ಅದನ್ನು ನಂಬುತ್ತಾರೆ. ಯಂತ್ರದ ದೋಣಿಯಲ್ಲಿ ಬೆನ್ನಟ್ಟಿದರೆ ಅದು ದೂರವಾಗುವುದಷ್ಟೇ ಅಲ್ಲ, ದೋಣಿಯ ಚಕ್ರದ ಅಲಗು ಅದರ ಮೈಯನ್ನು ಸೀಳುವುದೂ ಉಂಟು. ದೋಣಿಯವನಿಗೆ ಯಂತ್ರವನ್ನು ನಿಲ್ಲಿಸಹೇಳಿ, ಗಳಿಗೆಹೊತ್ತು ತಾಳ್ಮೆಯಿಂದ ಕುಳಿತಿದ್ದರೆ, ಆ ನಿಟ್ಟುಸಿರು ತಾನಾಗಿ ಹತ್ತಿರ ಬಂದು ಕೇಳಿಸುವುದುಂಟು. ನಡೆಯಲು ಶಕ್ತಿಯಿರುವವರು ದೋಣಿಯಿಂದಿಳಿದು ಮರಳದಿಬ್ಬವನ್ನು ಹಾದುಹೋಗಬೇಕು: ಬೆನ್ನ ಹಿಂದೆ ನಿಶ್ಚಲವಾದ ಸರೋವರ, ಎದುರಿಗೆ ಮೊರೆಯುವ ವಂಗಸಾಗರ, ನಡುವೆ ಹೆಜ್ಜೆಯ ಕಂಪನಕ್ಕೆ ಬೆದರಿ ಬಿಲ ಹೊಗುವ ಕೆಂಪೇಡಿಗಳು.

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪ್ರತಿ ಚಳಿಗಾಲವೂ ಇಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ಬಲ್ಲ ಕನ್ನಡಿಗರಿಗೆ, ಹಿಮಾಲಯವನ್ನು ದಾಟಿಬಂದ ಅದೇ ಕುಲದ ಹಕ್ಕಿಗಳು ಚಿಲಿಕೆಯಲ್ಲಿಯೂ ಎದುರಾಗುತ್ತವೆ. ಮಾಗಡಿಯ ಏರಿಯ ಮೇಲೆ ನಾವು ಹೇಗೆ ಮಾತು ತಗ್ಗಿಸಿ ನಿಲ್ಲುತ್ತೇವೆಯೋ, ಇಲ್ಲಿಯೂ ಹಾಗೆಯೇ ನಿಂತರೆ ಸಾಕು. ಮಿಕ್ಕುದನ್ನು ಜಲ್ಲೆ ಹಿಡಿದ ಅಂಬಿಗನು ನೋಡಿಕೊಳ್ಳುತ್ತಾನೆ.