ಹೆಸರು ಕಾಯ್ದವರ ಹೆಸರೇ ಕಳೆದುಹೋದ ಕಥೆ

ಕ್ರಿ.ಶ. 1671ರ ಜನವರಿ ತಿಂಗಳು. ಐರ್ಲೆಂಡಿನ ಪಶ್ಚಿಮ ಭಾಗದ ಸ್ಲೈಗೊ ಕೌಂಟಿಯಲ್ಲಿ ಡೂನ್‌ಫ್ಲಿನ್ ಎಂಬ ಸಣ್ಣ ಊರು. ಎಪ್ಪತ್ತರ ಆಸುಪಾಸಿನ ಮುದುಕನೊಬ್ಬ ಅಲ್ಲಿ ಚೂರಿ ಇರಿತಕ್ಕೆ ಬಲಿಯಾದ. ಇರಿದವನು ಆ ಪ್ರದೇಶದಲ್ಲಿ ನೆಲೆಸಿದ್ದ ಕ್ರಾಫ್ಟನ್ ಎಂಬ ಇಂಗ್ಲಿಷ್ ಜಮೀನ್ದಾರ ಮನೆತನದವನು. ಹತ್ತೊಂಬತ್ತನೇ ಶತಮಾನದ ವಿದ್ವಾಂಸ ಯೂಜಿನ್ ಓ'ಕರಿ ದಾಖಲಿಸಿದ ಹೇಳಿಕೆಯ ಪ್ರಕಾರ, ಪ್ರಯಾಣದಲ್ಲಿದ್ದ ಮುದುಕ ಒಂದು ಅಂಗಡಿಯ ಒಳಕೋಣೆಯಲ್ಲಿ ತಂಗಿದ್ದ. ಅಂಗಡಿಯ ಹುಡುಗಿಯೊಂದಿಗೆ ಆ ಯುವಕ ಅನುಚಿತವಾಗಿ ವರ್ತಿಸತೊಡಗಿದಾಗ, ಒಳಗಿರುವ ಹಿರಿಯರು ನೋಡುತ್ತಾರೆಂದು ಅವಳು ಎಚ್ಚರಿಸಿದಳು. ಅಷ್ಟಕ್ಕೇ ಕೆರಳಿದ ಆತ ಅಲ್ಲಿದ್ದ ಚೂರಿಯನ್ನು ಎತ್ತಿಕೊಂಡು ಒಳನುಗ್ಗಿ ಮುದುಕನನ್ನು ಇರಿದ.

ಸತ್ತವನು ಸಾಮಾನ್ಯನಲ್ಲ. ಆತನ ಹೆಸರು ಡುವಲ್ತಖ್ ಮ್ಯಾಕ್ ಫರ್ಬಿಸ್. ಐರ್ಲೆಂಡಿನ ಮನೆತನಗಳ ವಂಶಾವಳಿಯನ್ನು ಒಂದು ಮಹಾಗ್ರಂಥವಾಗಿ ಬರೆದಿಟ್ಟವನು ಈತ. ಯಾರು ಯಾರ ಮಗ, ಯಾವ ಮನೆತನ ಯಾವ ಮೂಲದಿಂದ ಬಂತು ಎಂಬುದನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ವಿದ್ವಾಂಸ ಕುಲದ ಕೊನೆಯ ಕೊಂಡಿ. ಆದರೆ ಚರಿತ್ರೆಯ ವಿಪರ್ಯಾಸ ನೋಡಿ: ಎಲ್ಲರ ಹೆಸರನ್ನೂ ಉಳಿಸಿದ ಈ ಮನೆತನದ ಸ್ವಂತ ಹೆಸರು ಇಂದು ಐರ್ಲೆಂಡಿನಲ್ಲಿ ಅತಿ ವಿರಳ. ಅದು ಎಲ್ಲಿ ಹೋಯಿತು, ಹೇಗೆ ಹೋಯಿತು ಎಂದು ಹುಡುಕುತ್ತ ಹೊರಟರೆ ಒಂದು ನಾಡಿನ ಭಾಷೆ, ಭೂಮಿ ಮತ್ತು ಅಧಿಕಾರದ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಹೆಸರಿನೊಳಗೆ ಏನಿದೆ?

ಐರಿಷ್ ಹೆಸರುಗಳಲ್ಲಿ ಮತ್ತೆಮತ್ತೆ ಕಾಣುವ 'ಮ್ಯಾಕ್' ಎಂದರೆ ಮಗ. 'ಓ' ಎಂದರೆ ಮೊಮ್ಮಗ ಅಥವಾ ವಂಶಜ. ಬಹಳ ಹಿಂದೆ ಇವು ನಿಜಕ್ಕೂ ತಂದೆ ಅಥವಾ ತಾತನ ಹೆಸರನ್ನೇ ಸೂಚಿಸುತ್ತಿದ್ದವು. ತಲೆಮಾರು ಬದಲಾದಂತೆ ಹೆಸರೂ ಬದಲಾಗುತ್ತಿತ್ತು. ಹತ್ತನೇ ಶತಮಾನದಿಂದ ಈಚೆಗೆ ಒಬ್ಬ ಮೂಲಪುರುಷನ ಹೆಸರೇ ಇಡೀ ಮನೆತನಕ್ಕೆ ಶಾಶ್ವತವಾಗಿ ಅಂಟಿಕೊಳ್ಳತೊಡಗಿತು. ಕ್ರಿ.ಶ. 916ರಲ್ಲಿ ತೀರಿಕೊಂಡನೆಂದು ಐರಿಷ್ ವಾರ್ಷಿಕ ವೃತ್ತಾಂತಗಳು ಹೇಳುವ, ಗಾಲ್ವೇ ಪ್ರದೇಶದ ಓ'ಕ್ಲೀರಿ ಎಂಬ ಒಡೆಯನ ಹೆಸರು ಇಂಥ ಮೊದಮೊದಲ ಉದಾಹರಣೆಗಳಲ್ಲಿ ಒಂದು. ಯುರೋಪಿನಲ್ಲಿ ಮನೆತನದ ಹೆಸರುಗಳು ತೀರ ಮೊದಲು ನೆಲೆಯೂರಿದ ನಾಡುಗಳಲ್ಲಿ ಐರ್ಲೆಂಡ್ ಸೇರುವುದು ಈ ಕಾರಣಕ್ಕೇ.

ಮ್ಯಾಕ್ ಫರ್ಬಿಸ್ ಎಂಬುದು ಇಂಗ್ಲಿಷಿಗೆ ಒಗ್ಗಿಸಿಕೊಂಡ ರೂಪ. ಮೂಲ ಐರಿಷ್ ಉಚ್ಚಾರ ಹೆಚ್ಚುಕಡಿಮೆ 'ಮ್ಯಾಕ್ ಇರ್ವಿಶಿ' ಎಂದಾಗುತ್ತದೆ. ಬರವಣಿಗೆಯಲ್ಲಿ 'ಫ' ಇದ್ದರೂ 'ಮ್ಯಾಕ್' ಹಿಂದೆ ಬಂದಾಗ ಐರಿಷ್ ವ್ಯಾಕರಣದ ನಿಯಮದಂತೆ ಆ ಅಕ್ಷರ ಮೂಕವಾಗುತ್ತದೆ. 'ಫೆರ್ ಬಿಸಿ' ಎಂದರೆ ಅಭಿವೃದ್ಧಿಯ ಪುರುಷ, ಸಮೃದ್ಧಿಯುಳ್ಳವನು. ಅವನ ಮಕ್ಕಳು ಎಂದು ಈ ಹೆಸರಿನ ಅರ್ಥ. ಕುಲದ ಹೆಣ್ಣುಮಕ್ಕಳಾದರೆ 'ಮ್ಯಾಕ್' ಬದಲು 'ನಿಕ್' ಎಂದು ಸೇರಿಸಿಕೊಳ್ಳುತ್ತಾರೆ.

ಹೆಸರು ಕೂಗುವ ಹಕ್ಕು

ಈ ಮನೆತನದ ಮೊದಲ ನೆಲೆ ಮೇಯೋ ಕೌಂಟಿಯಲ್ಲಿ ಮೋಯ್ ನದಿಯ ದಂಡೆಯ ರೋಸರ್ಕ್. ಅಲ್ಲಿಂದ ಅವರು ಕಿಲಾಲ ಕೊಲ್ಲಿಯ ಇನ್ನೊಂದು ಮಗ್ಗುಲಿಗೆ, ಸ್ಲೈಗೊ ಕೌಂಟಿಯ ಟಿರೆರಾ ಸೀಮೆಯ ಲೆಕನ್ ಎಂಬಲ್ಲಿಗೆ ಬಂದು ನೆಲೆಸಿದರು. ಎರಡೂ ಊರುಗಳು ಹತ್ತಿರ ಹತ್ತಿರದವೇ. ಅಂದರೆ ಈ ಹೆಸರಿನ ಭೂಪಟ ಮೊದಲಿನಿಂದಲೂ ಚಿಕ್ಕದು. ಒಂದು ಕೊಲ್ಲಿಯ ಸುತ್ತಲಿನ ಕರಾವಳಿ, ಅಷ್ಟೆ.

ಹೆಸರು ವಿರಳವಾದದ್ದಕ್ಕೆ ಮೊದಲ ಕಾರಣ ಇಲ್ಲೇ ಇದೆ. ಮರ್ಫಿ, ಕೆಲ್ಲಿಯಂಥ ಹೆಸರುಗಳ ಹಿಂದಿನ ಮೂಲಪುರುಷರ ಹೆಸರು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಹೀಗಾಗಿ ಬೇರೆ ಬೇರೆ ಸೀಮೆಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಮನೆತನಗಳು ಅದೇ ಹೆಸರನ್ನು ಪಡೆದವು. ಮ್ಯಾಕ್ ಫರ್ಬಿಸ್ ಹಾಗಲ್ಲ. ಅದು ಒಂದೇ ಕುಲದ ಹೆಸರಾಗಿ, ಒಂದೇ ಕಸುಬಿಗೆ ಕಟ್ಟಿಕೊಂಡು ಬೆಳೆಯಿತು.

ಆ ಕಸುಬು ವಿದ್ವತ್ತಿನದು. ಟಿರೆರಾ ಸೀಮೆಯ ಒಡೆಯರು ಓ'ಡೌಡ ಮನೆತನದವರು. ಮ್ಯಾಕ್ ಫರ್ಬಿಸರು ಅವರಿಗೆ ವಂಶಪಾರಂಪರ್ಯವಾಗಿ ಆಸ್ಥಾನ ಚರಿತ್ರಕಾರರು. ಈ ಕುಲದ ಹಿರಿಯ ಗಿಲ್ಲ ಈಸ ಎಂಬಾತ 1279ರಲ್ಲಿ ತೀರಿಕೊಂಡಾಗ ವಾರ್ಷಿಕ ವೃತ್ತಾಂತಗಳು ಆ ಸುದ್ದಿಯನ್ನು ನಮೂದಿಸುವಷ್ಟು ಅವರ ಸ್ಥಾನ ಗಟ್ಟಿಯಾಗಿತ್ತು.

ಓ'ಡೌಡರ ಪಟ್ಟಾಭಿಷೇಕದಲ್ಲಿ ಅವರಿಗಿದ್ದ ಹಕ್ಕುಗಳು ಸ್ವಾರಸ್ಯಕರ. ಓ'ಡೌಡರ ಅಧೀನದ ಓ'ಕೀವಾನ್ ಎಂಬ ಒಡೆಯನಿಗೆ ಹೊಸ ದೊರೆ ಮೊದಲ ಪಾನಪಾತ್ರೆಯನ್ನು ಕೊಡಬೇಕು. ಓ'ಕೀವಾನ್ ತಾನು ಕುಡಿಯುವ ಮೊದಲು ಅದನ್ನು ಮ್ಯಾಕ್ ಫರ್ಬಿಸನಿಗೆ ಕೊಡಬೇಕು. ಕೊನೆಗೆ ಮ್ಯಾಕ್ ಫರ್ಬಿಸ್ ಹೊಸ ದೊರೆಯ ತಲೆಯ ಮೇಲೆ ದಂಡವನ್ನು ಹಿಡಿಯಬೇಕು. ಇವರಿಬ್ಬರೂ 'ಓ'ಡೌಡ' ಎಂದು ಅವನ ಹೆಸರನ್ನು ಉಚ್ಚರಿಸಬೇಕು. ಅಲ್ಲಿಯವರೆಗೆ ಆ ಪಟ್ಟ ನ್ಯಾಯಸಮ್ಮತವಲ್ಲ. ರಾಜ್ಯಾಧಿಕಾರ ಕತ್ತಿಯಿಂದ ಬಂದಿರಬಹುದು, ಆದರೆ ಅದಕ್ಕೆ ಮಾನ್ಯತೆ ಬರುತ್ತಿದ್ದದ್ದು ಹೆಸರನ್ನು ಬಲ್ಲವನ ಬಾಯಿಂದ.

ಲೆಕನ್‌ನಲ್ಲಿ ಅವರದೇ ಪಾಠಶಾಲೆಯಿತ್ತು. 1397ರಿಂದ 1418ರ ನಡುವೆ ಇನ್ನೊಬ್ಬ ಗಿಲ್ಲ ಈಸ ಮ್ಯಾಕ್ ಫರ್ಬಿಸ್ ಸಹಾಯಕರೊಂದಿಗೆ ಸಿದ್ಧಪಡಿಸಿದ 'ಲೆಕನ್‌ನ ಮಹಾಗ್ರಂಥ' ಮಧ್ಯಯುಗದ ಐರಿಷ್ ಹಸ್ತಪ್ರತಿಗಳಲ್ಲಿ ಪ್ರಮುಖವಾದದ್ದು. ಹದಿನೇಳನೇ ಶತಮಾನದ ಗಲಭೆಗಳಲ್ಲಿ ಪ್ಯಾರಿಸ್ ಸೇರಿದ್ದ ಈ ಗ್ರಂಥ 1787ರಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೆ ಮರಳಿತು. ಇದೇ ಮನೆತನದ 'ಲೆಕನ್‌ನ ಹಳದಿ ಗ್ರಂಥ' ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಐರಿಷ್ ವೀರ ಕೂಹುಲಿನ್‌ನ ಕಥೆ ಹೇಳುವ 'ಟಾಯ್ನ್' ಎಂಬ ಪ್ರಾಚೀನ ಕಥನದ ಒಂದು ಪ್ರತಿ ಉಳಿದಿರುವುದು ಅದರಲ್ಲೇ.

ಪ್ಲೇಗು, ಮುತ್ತಿಗೆಗಳ ನಡುವೆ

ಡುವಲ್ತಖ್ ಹುಟ್ಟಿದ್ದು 1600ರ ಸುಮಾರಿಗೆ. ಐರಿಷ್ ಭಾಷೆಯ ಹಳೆಯ ಕಾನೂನು ಗ್ರಂಥಗಳನ್ನು ಓದಬಲ್ಲವನಾಗಿದ್ದ ಆತನಿಗೆ ಲ್ಯಾಟಿನ್, ಇಂಗ್ಲಿಷ್ ಭಾಷೆಗಳೂ ಬರುತ್ತಿದ್ದವು. ಆದರೆ ಆತ ಬೆಳೆಯುವ ಹೊತ್ತಿಗೆ ಹಳೆಯ ಐರಿಷ್ ಒಡೆಯರ ಕಾಲ ಮುಗಿಯುತ್ತ ಬಂದಿತ್ತು. ಒಡೆಯರೇ ಇಲ್ಲದ ಮೇಲೆ ಆಸ್ಥಾನ ಚರಿತ್ರಕಾರನಿಗೆ ಆಶ್ರಯ ಎಲ್ಲಿಂದ ಬರಬೇಕು?

1649ರಲ್ಲಿ ಕ್ರಾಮ್‌ವೆಲ್ಲನ ಸೇನೆ ಐರ್ಲೆಂಡಿಗೆ ಬಂತು. ಅದೇ ವರ್ಷ ಗಾಲ್ವೇ ನಗರವನ್ನು ಪ್ಲೇಗು ಹೊಕ್ಕಿತು. ಅದೇ ನಗರದಲ್ಲಿ ಕುಳಿತು ಡುವಲ್ತಖ್ ತನ್ನ 'ವಂಶಾವಳಿಗಳ ಮಹಾಗ್ರಂಥ'ವನ್ನು ಬರೆಯುತ್ತಿದ್ದ. 1650ರಲ್ಲಿ ಅದಕ್ಕೊಂದು ರೂಪ ಕೊಟ್ಟ. ಹಳೆಯ ಐರಿಷ್ ಕುಲಗಳಷ್ಟೇ ಅಲ್ಲ, ಹೊರಗಿನಿಂದ ಬಂದು ನೆಲೆಸಿದ ನಾರ್ಮನ್ ಮನೆತನಗಳ ವಂಶಾವಳಿಯೂ ಅದರಲ್ಲಿದೆ. 1652ರಲ್ಲಿ ದೀರ್ಘ ಮುತ್ತಿಗೆಯ ನಂತರ ಗಾಲ್ವೇ ಶರಣಾಯಿತು. ಮುಂದೆ ಐರಿಷ್ ಒಡೆಯರ ಜಮೀನುಗಳು ಸೈನಿಕರ ಮತ್ತು ಸಾಲ ಕೊಟ್ಟವರ ಪಾಲಾದವು. ಓ'ಡೌಡರ ಸೀಮೆಯೂ ಕೈಬಿಟ್ಟಿತು.

ಆಮೇಲೆ ಡುವಲ್ತಖ್ ಹೊಟ್ಟೆಪಾಡಿಗಾಗಿ ಡಬ್ಲಿನ್ನಿನ ಇಂಗ್ಲಿಷ್ ಮೂಲದ ಇತಿಹಾಸಕಾರ ಸರ್ ಜೇಮ್ಸ್ ವೇರ್ ಬಳಿ ಹಳೆಯ ಐರಿಷ್ ಬರಹಗಳನ್ನು ಇಂಗ್ಲಿಷಿಗೆ ಅನುವಾದಿಸುವ ಕೆಲಸ ಮಾಡಿದ. 1666ರ ಕೊನೆಯಲ್ಲಿ ವೇರ್ ತೀರಿಕೊಂಡ ಬಳಿಕ ಆ ಆಸರೆಯೂ ಹೋಯಿತು. ಊರಿಗೆ ಮರಳಿದ ವಿದ್ವಾಂಸನಿಗೆ ಕಾದಿದ್ದದ್ದು ಡೂನ್‌ಫ್ಲಿನ್‌ನ ಚೂರಿ. ಈ ಇಂಗ್ಲಿಷ್ ಲೋಕದಲ್ಲಿ ಆತ ತನ್ನ ಹೆಸರನ್ನು 'ಡಡ್ಲಿ' ಎಂದೂ ಬರೆದುಕೊಂಡದ್ದುಂಟು. ಮುಂದೆ ಇಡೀ ಕುಲದ ಹೆಸರಿಗೆ ಆಗಲಿದ್ದ ಬದಲಾವಣೆಯ ಮುನ್ಸೂಚನೆ ಅದು.

ಫೋರ್ಬ್ಸ್ ಆದದ್ದು ಹೇಗೆ?

ಐರಿಷ್ ಹೆಸರುಗಳನ್ನು ಇಂಗ್ಲಿಷ್ ಮಾಡಬೇಕೆಂಬ ಒತ್ತಡ ಹಳೆಯದು. 1465ರಲ್ಲೇ ಒಂದು ಕಾಯಿದೆ ಡಬ್ಲಿನ್, ಮೀತ್, ಲೌತ್, ಕಿಲ್ಡೇರ್ ಪ್ರದೇಶಗಳಲ್ಲಿ ಇಂಗ್ಲಿಷರ ನಡುವೆ ವಾಸಿಸುವ ಐರಿಷರು ಊರಿನ, ಬಣ್ಣದ, ಕಸುಬಿನ ಅಥವಾ ಹುದ್ದೆಯ ಇಂಗ್ಲಿಷ್ ಹೆಸರು ಇಟ್ಟುಕೊಳ್ಳಬೇಕೆಂದು ವಿಧಿಸಿತು. ಕಾಯಿದೆಯ ವ್ಯಾಪ್ತಿ ಚಿಕ್ಕದಿತ್ತು. ನಿಜವಾದ ಬದಲಾವಣೆ ಆದದ್ದು ಹದಿನೇಳನೇ ಶತಮಾನದಿಂದ, ಆಡಳಿತ ಪೂರ್ತಿ ಇಂಗ್ಲಿಷಿಗೆ ತಿರುಗಿದಾಗ. ಗೇಣಿ ಪತ್ರ ಬರೆಯುವವನು, ತೆರಿಗೆ ಲೆಕ್ಕ ಇಡುವ ಗುಮಾಸ್ತ, ಕೋರ್ಟಿನ ಬರಹಗಾರ ಇವರಾರಿಗೂ ಐರಿಷ್ ಬಾರದು. ಕಿವಿಗೆ ಬಿದ್ದದ್ದನ್ನು ತಮಗೆ ತಿಳಿದಂತೆ ಬರೆದುಕೊಂಡರು.

ಹೀಗೆ ಬರೆಯುವಾಗ ಮೂರು ದಾರಿಗಳಿದ್ದವು. ಒಂದು, ಧ್ವನಿಯನ್ನು ಅನುಸರಿಸುವುದು: 'ಓ ಮುರಖು' ಎಂಬುದು ಮರ್ಫಿ ಆಯಿತು. ಎರಡು, ಅರ್ಥವನ್ನು ಅನುವಾದಿಸುವುದು: ಕಮ್ಮಾರನ ಮಗ ಎಂಬರ್ಥದ 'ಮ್ಯಾಕ್ ಗೌನ್' ಕ್ಯಾವನ್ ಕೌಂಟಿಯಲ್ಲಿ ಹೆಚ್ಚಾಗಿ ಸ್ಮಿತ್ ಆಯಿತು. ಮೂರನೆಯದು ಇನ್ನೂ ವಿಚಿತ್ರ. ಸುಮಾರಾಗಿ ಹೋಲುವ, ಈಗಾಗಲೇ ಪರಿಚಿತವಾದ ಇನ್ನೊಂದು ಹೆಸರಿನ ಮಡಿಲಿಗೆ ಹಾಕಿಬಿಡುವುದು. ವಿರಳ ಹೆಸರುಗಳಿಗೆ ಆಗುತ್ತಿದ್ದದ್ದು ಬಹುಪಾಲು ಇದೇ. ಮ್ಯಾಕ್ ಫರ್ಬಿಸ್ ತನ್ನ 'ಮ್ಯಾಕ್' ಕಳೆದುಕೊಂಡು ಫೋರ್ಬ್ಸ್ ಆದದ್ದು ಈ ದಾರಿಯಲ್ಲಿ.

ಆದರೆ ಫೋರ್ಬ್ಸ್ ಎಂಬುದು ಸ್ಕಾಟ್ಲೆಂಡಿನ ಅಬರ್ಡೀನ್‌ಶೈರಿನ ಒಂದು ಸ್ಥಳದಿಂದ ಬಂದ, ಪೂರ್ತಿ ಬೇರೆಯೇ ಆದ ಹೆಸರು. ಹದಿನೇಳನೇ ಶತಮಾನದಲ್ಲಿ ಸ್ಕಾಟಿಷ್ ಫೋರ್ಬ್ಸರೂ ಐರ್ಲೆಂಡಿಗೆ ಬಂದು ಜಮೀನು ಪಡೆದಿದ್ದರು. ಲಾಂಗ್‌ಫರ್ಡ್ ಕೌಂಟಿಯ ಕ್ಯಾಸಲ್ ಫೋರ್ಬ್ಸ್ ಕೋಟೆಮನೆ ಮತ್ತು ಪಕ್ಕದ ನ್ಯೂಟೌನ್‌ಫೋರ್ಬ್ಸ್ ಊರು ಈ ಸ್ಕಾಟಿಷ್ ಮೂಲದ ಗ್ರ್ಯಾನಾರ್ಡ್ ಅರ್ಲ್ ಮನೆತನದ ಗುರುತುಗಳು. ಭೂಮಿ ಕಳೆದುಕೊಂಡವರೂ ಭೂಮಿ ಪಡೆದವರೂ ಕಾಗದದ ಮೇಲೆ ಒಂದೇ ಹೆಸರಿನವರಾದರು!

ನಕ್ಷೆಯ ಮೇಲೆ ಹುಡುಕಾಟ

ಇಂದು ಐರಿಷ್ ಮೂಲದ ಒಬ್ಬ ಫೋರ್ಬ್ಸ್ ತನ್ನ ಬೇರನ್ನು ಹುಡುಕಲು ಹೊರಟರೆ ಹೆಸರು ಮಾತ್ರ ನೆರವಿಗೆ ಬರುವುದಿಲ್ಲ, ಊರು ಬೇಕು. ಪೂರ್ವಜರು ಸ್ಕಾಟಿಷ್ ವಲಸೆ ದಟ್ಟವಾಗಿದ್ದ ಅಲ್‌ಸ್ಟರ್ ಪ್ರಾಂತ್ಯದವರಾದರೆ ಸ್ಕಾಟಿಷ್ ಮೂಲದ ಸಾಧ್ಯತೆ ಹೆಚ್ಚು. ಸ್ಲೈಗೊ, ಮೇಯೋ ಅಥವಾ ನೆರೆಯ ಸೀಮೆಯವರಾದರೆ ಲೆಕನ್‌ನ ವಿದ್ವಾಂಸರತ್ತ ಕಣ್ಣು ಹಾಯಿಸಬಹುದು.

ಇದಕ್ಕೆ ಬೇಕಾದ ದಾಖಲೆಗಳ ಕಥೆಯೂ ದುಃಖದ್ದೇ. 1821ರಿಂದ 1851ರವರೆಗಿನ ಐರಿಷ್ ಜನಗಣತಿಯ ಹಾಳೆಗಳಲ್ಲಿ ಹೆಚ್ಚಿನವು 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆ ಕಚೇರಿಯ ಬೆಂಕಿಗೆ ಆಹುತಿಯಾದವು. ಮುಂದಿನ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ಬೇರೆ ಬೇರೆ ಕಾಲದಲ್ಲಿ ನಾಶಮಾಡಿತ್ತು. ಇಡಿಯಾಗಿ ಉಳಿದವುಗಳಲ್ಲಿ ಮೊದಲನೆಯದು 1901ರದು, ನಂತರ 1911ರದು. ಅದಕ್ಕೂ ಹಿಂದಿನದು ಬೇಕಾದರೆ 1847ರಿಂದ 1864ರ ನಡುವೆ ತೆರಿಗೆಗಾಗಿ ನಡೆದ 'ಗ್ರಿಫಿತ್ ಮೌಲ್ಯಮಾಪನ'ದ ಪಟ್ಟಿ ಇದೆ. ಪ್ರತಿ ಜಮೀನನ್ನೂ ಹಿಡಿದವರ ಹೆಸರು ಅದರಲ್ಲಿ ಸಿಗುತ್ತದೆ. 1901ರ ಹಾಳೆಯಲ್ಲಿ ಧರ್ಮ ಯಾವುದು, ಐರಿಷ್ ಮಾತನಾಡುತ್ತಾರೆಯೇ ಎಂಬ ಅಂಕಣಗಳೂ ಇವೆ. ಪಶ್ಚಿಮ ಕರಾವಳಿಯ ಒಬ್ಬ ಫೋರ್ಬ್ಸ್ ಕ್ಯಾಥೊಲಿಕನಾಗಿದ್ದು ಐರಿಷ್ ಭಾಷಿಕನೂ ಆಗಿದ್ದರೆ ಅದೊಂದು ಸುಳಿವು. ಸುಳಿವು ಮಾತ್ರ, ಸಾಕ್ಷ್ಯವಲ್ಲ. ನಡುವೆ 1845ರಿಂದ 1852ರವರೆಗಿನ ಮಹಾಕ್ಷಾಮ ಸುಮಾರು ಹತ್ತು ಲಕ್ಷ ಜನರನ್ನು ಕೊಂದು, ಅಷ್ಟೇ ಜನರನ್ನು ದೇಶ ಬಿಡಿಸಿತ್ತು. ಹಡಗು ಹತ್ತಿದವರು ಒಯ್ದದ್ದು ಇಂಗ್ಲಿಷ್ ರೂಪದ ಹೆಸರುಗಳನ್ನೇ.

ಉಳಿದದ್ದು ಬರಹ

ಲೆಕನ್‌ನಲ್ಲಿ 1560ರಲ್ಲಿ ಮ್ಯಾಕ್ ಫರ್ಬಿಸರು ಕಟ್ಟಿಸಿದ್ದ ಕೋಟೆಮನೆಯ ಅವಶೇಷ ಸಮುದ್ರದ ದಂಡೆಯ ಬಳಿ ಉಳಿದಿದೆ. ಡುವಲ್ತಖ್‌ನ ಮಹಾಗ್ರಂಥ ಡಬ್ಲಿನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಸುರಕ್ಷಿತವಾಗಿದೆ. ವಿದ್ವಾಂಸ ನಾಲಿಗ್ ಓ ಮುರೀಲ ಅವರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಐದು ಸಂಪುಟಗಳಲ್ಲಿ ಸಂಪಾದಿಸಿದ್ದು, 2003ರಲ್ಲಿ ಪ್ರಕಟವಾಯಿತು. ಬರೆದ ಮೂರೂವರೆ ಶತಮಾನಗಳ ಬಳಿಕ ಗ್ರಂಥ ಪೂರ್ತಿಯಾಗಿ ಅಚ್ಚು ಕಂಡಿತು.

ಇಂದು ಓ'ಡೌಡ್ ಎಂಬ ಹೆಸರಿನವರು ಸ್ಲೈಗೊ, ಮೇಯೋ ಸೀಮೆಯಲ್ಲಿ ಧಾರಾಳವಾಗಿ ಸಿಗುತ್ತಾರೆ. ತಮ್ಮ ಹಿರಿಯರು ಯಾರೆಂದು ತಿಳಿಯಬೇಕಾದರೆ ಅವರು ಆ ಸಂಪುಟಗಳನ್ನು ತೆರೆದರಾಯಿತು. ಆದರೆ ಅವರ ದೊರೆಯ ತಲೆಯ ಮೇಲೆ ದಂಡ ಹಿಡಿದು ಹೆಸರು ಕೂಗುತ್ತಿದ್ದವರ ವಂಶಜರನ್ನು ಫೋರ್ಬ್ಸರ ನಡುವೆ ಹುಡುಕಬೇಕಾಗಿದೆ.