ಯೆತೆರ್ ಎಂದರೆ ಸಾಕು

ತುರ್ಕಿಯಲ್ಲಿ ಹೆಣ್ಣುಮಕ್ಕಳಿಗೆ ಹೂವಿನ ಹೆಸರು, ಚಂದ್ರನ ಹೆಸರು ಇಡುವುದು ವಾಡಿಕೆ. ಹಳ್ಳಿಗಾಡಿನಲ್ಲಿ ಕೇಳಿಬರುವ ‘ಯೆತೆರ್’ ಎಂಬ ಹೆಸರು ಮಾತ್ರ ಬೇರೆ ಬಗೆಯದು. ‘ಸಾಕಾಗು’ ಎಂಬರ್ಥದ ‘ಯೆತ್’ ಧಾತುವಿನಿಂದ ಬಂದ ಕ್ರಿಯಾರೂಪ ಅದು, ಅರ್ಥ ‘ಸಾಕು’. ಸಾಲಾಗಿ ಹೆಣ್ಣುಗಳೇ ಹುಟ್ಟಿದ ಮನೆಯಲ್ಲಿ ಮತ್ತೊಂದು ಹೆಣ್ಣಾದರೆ, ಮುಂದಿನದಾದರೂ ಗಂಡಾಗಲಿ ಎಂದು ಕೂಸಿಗೆ ಈ ಹೆಸರಿಡುತ್ತಿದ್ದರು. ಇನ್ನು ಮಕ್ಕಳೇ ಬೇಡವೆನಿಸಿ ಇಟ್ಟದ್ದೂ ಉಂಟು. ಹೆತ್ತವರ ಹರಕೆಯನ್ನು ಮಗಳು ಬದುಕಿಡೀ ಹೆಸರಾಗಿ ಹೊರಬೇಕು. ನಮ್ಮ ಹಳೆ ಮೈಸೂರು ಕಡೆಯ ಸಾಕಮ್ಮಂದಿರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ರಿಯಾಪದವನ್ನೇ ಹೆಸರಾಗಿಸುವುದು ತುರ್ಕರಲ್ಲಿ ಹೊಸದೇನಲ್ಲ. ಮಕ್ಕಳು ದಕ್ಕದ ಮನೆಯಲ್ಲಿ ‘ದುರ್ಸುನ್’ ಎಂದು ಕರೆದರು, ಅಂದರೆ ‘ಉಳಿಯಲಿ’. ಕಾದಂಬರಿಕಾರ ಯಶಾರ್ ಕೆಮಾಲರ ಹೆಸರಿನಲ್ಲಿರುವುದು ‘ಬದುಕು’ ಎಂಬ ಧಾತು.

1950ರ ಚುನಾವಣೆಯಲ್ಲಿ ಡೆಮಾಕ್ರಟ್ ಪಕ್ಷ ಇದೇ ‘ಯೆತೆರ್’ ಪದವನ್ನು ಎತ್ತಿ ಹಿಡಿದ ಅಂಗೈಯ ಚಿತ್ರದೊಡನೆ ಗೋಡೆಗಳಿಗೆ ಅಂಟಿಸಿ, 1923ರಿಂದ ಆಳುತ್ತಿದ್ದ ಪಕ್ಷವನ್ನು ಸೋಲಿಸಿತು. ಬೀದಿಯಲ್ಲಿ ಪ್ರತಿಭಟನೆಯಾದ ಆ ಪದ ಎಷ್ಟೋ ಮನೆಗಳಲ್ಲಿ ಹುಡುಗಿಯನ್ನು ಊಟಕ್ಕೆ ಕರೆಯುವ ಪದವೂ ಆಗಿತ್ತು.

ಫಾತಿಹ್ ಅಕಿನ್ ಅವರ 2007ರ ಚಿತ್ರವೊಂದರಲ್ಲಿ ಯೆತೆರ್ ಎಂಬ ತಾಯಿ ಜರ್ಮನಿಯಲ್ಲಿ ದುಡಿದು ತುರ್ಕಿಯಲ್ಲಿರುವ ಮಗಳನ್ನು ಓದಿಸುತ್ತಾಳೆ. ಮಗಳ ಹೆಸರು ಆಯ್ತೆನ್. ಚಂದ್ರನ ಮೈಬಣ್ಣದವಳು ಎಂದು ಅದರ ಅರ್ಥ.