ಕಡಕ್ ರೊಟ್ಟಿ ಕರಾಚಿಗೆ ಹೋದ ಕಥೆ

‘ಕಬಾಬ್ ಅಂದರೆ ನಿಮ್ಮೂರಲ್ಲಿ ಏನು?’

ದುಬೈನ ಸತ್ವಾದಲ್ಲಿ, ನಮ್ಮ ರೂಮಿನ ಹಿಂದಿನ ಗಲ್ಲಿಯ ಪಾಕಿಸ್ತಾನಿ ಹೋಟೆಲ್‌ನಲ್ಲಿ ಮೊದಲ ಸಲ ಕೂತಾಗ ನನಗೆ ಎದುರಾದ ಪ್ರಶ್ನೆ ಇದು. ಯೋಚನೆ ಮಾಡದೆ ಉತ್ತರ ಕೊಟ್ಟೆ. ‘ಚಿಕನ್‌ಗೆ ಕೆಂಪು ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕರಿಯುತ್ತಾರೆ. ಸಂಜೆ ಬಂಡಿಯಲ್ಲಿ ಸಿಗುತ್ತದೆ. ಮೇಲೆ ಉಳ್ಳಾಗಡ್ಡಿ, ಲಿಂಬೆಹಣ್ಣು.’

ಟೇಬಲ್ ಸುತ್ತ ಕೂತಿದ್ದ ಮೂವರಲ್ಲಿ ಇಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಣ್ಣೆಯಲ್ಲಿ ಕರಿದರೆ ಅದು ಕಬಾಬ್ ಹೇಗಾಗುತ್ತದೆ, ಕೆಂಡ ಎಲ್ಲಿ, ಹೊಗೆ ಎಲ್ಲಿ ಎಂದರು. ಪೇಶಾವರದ ಕಡೆಯವನೊಬ್ಬ ಮಾತ್ರ ನಗಲಿಲ್ಲ. ಖುಷಿಯಿಂದ ನನ್ನ ಬೆನ್ನು ತಟ್ಟಿದ. ಅವನೂರಿನ ಚಪ್ಲಿ ಕಬಾಬ್ ಕೂಡ ಕೆಂಡದ ಮೇಲೆ ಬೇಯುವುದಲ್ಲ, ಅಗಲ ಬಾಣಲೆಯ ಕೊಬ್ಬಿನಲ್ಲಿ ಕರಿಯುವಂಥದ್ದು. ಎಷ್ಟೋ ದಿನಗಳಿಂದ ಒಬ್ಬನೇ ವಾದ ಮಾಡುತ್ತಿದ್ದವನಿಗೆ ಕೆಂಭಾವಿಯಿಂದ ಒಬ್ಬ ಸಾಕ್ಷಿ ಸಿಕ್ಕಂತಾಗಿತ್ತು.

ಆದರೆ ನಾನು ಕೆಂಭಾವಿ ಎಂದು ಹೇಳಿರಲೇ ಇಲ್ಲ. ‘ಬೆಂಗಳೂರು’ ಅಂದಿದ್ದೆ.

ಅದೊಂದು ರೂಢಿಯಾಗಿಬಿಟ್ಟಿತ್ತು. ಐಟಿಐ ಮುಗಿಸಿ ಬೆಂಗಳೂರಿಗೆ ಕೆಲಸ ಹುಡುಕಲು ಹೋದಾಗ ಪ್ರತಿ ಇಂಟರ್‌ವ್ಯೂನಲ್ಲೂ ಅದೇ ಪ್ರಶ್ನೆ: ‘ಕೆಂಭಾವಿ ಎಲ್ಲಿ ಬರುತ್ತೆ?’ ಸುರಪುರ ತಾಲ್ಲೂಕು ಅಂದರೆ ಗೊತ್ತಿಲ್ಲ, ಯಾದಗಿರಿ ಅಂದರೆ ಅರ್ಧ ಗೊತ್ತು, ಕಲಬುರಗಿ ಹತ್ತಿರ ಅಂದರೆ ‘ಓ, ಅಲ್ಲಿ ತುಂಬಾ ಬಿಸಿಲಲ್ವಾ?’ ಎನ್ನುವುದು. ನನ್ನ ಮಾತು ಕೇಳಿ ಪಿ.ಜಿ.ಯಲ್ಲಿ ನಗುತ್ತಿದ್ದವರೂ ಇದ್ದರು. ಕೊನೆಗೆ ಊರು ಹೇಳುವುದನ್ನೇ ಬಿಟ್ಟೆ. ಒಂದು ವರ್ಷ ಅಲೆದ ಮೇಲೆ ಏಜೆಂಟ್ ಒಬ್ಬನ ಮಾತು ನಂಬಿ ದುಬೈ ವಿಮಾನ ಹತ್ತಿದೆ. ಎಸಿ ಟೆಕ್ನೀಷಿಯನ್ ಎಂದು ಹೇಳಿ ಕಳಿಸಿದ್ದ. ಸಿಕ್ಕಿದ್ದು ಹೆಲ್ಪರ್ ಕೆಲಸ. ಬಿಸಿಲಲ್ಲಿ ಏಣಿ ಹಿಡಿದು ನಿಲ್ಲುವುದು. ಬಿಸಿಲಿನ ಊರಿನವನಿಗೆ ಅದೇನು ಹೊಸದಾಗಿರಲಿಲ್ಲ ಬಿಡಿ.

ಸತ್ವಾ ಅಂದರೆ ದುಬೈನ ಹಳೆಯ ಬಡಾವಣೆ. 1978ರಲ್ಲಿ ಶುರುವಾದ ‘ರವಿ ರೆಸ್ಟೋರೆಂಟ್’ ಎಂಬ ಪಾಕಿಸ್ತಾನಿ ಹೋಟೆಲ್‌ನಿಂದಲೇ ಅದು ಎಷ್ಟೋ ಜನಕ್ಕೆ ಗೊತ್ತು. 2022ರಲ್ಲಿ ಅಡಿಡಾಸ್ ಕಂಪನಿ ಆ ಹೋಟೆಲ್‌ನ ಹೆಸರಲ್ಲಿ ಶೂ ಕೂಡ ತಂದಿತು. ನಾವು ಹೋಗುತ್ತಿದ್ದುದು ಅಷ್ಟು ಹೆಸರುವಾಸಿ ಜಾಗಕ್ಕಲ್ಲ. ಎಂಟು ಟೇಬಲ್, ಬಾಗಿಲಲ್ಲೇ ಕೆಂಡದ ಒಲೆ, ಒಳಗೊಂದು ತಂದೂರ್. ರಜೆಯ ಹಿಂದಿನ ರಾತ್ರಿ ಒಂದೇ ವ್ಯಾನಿನಲ್ಲಿ ಕೆಲಸ ಮಾಡುವ ನಾವು ನಾಲ್ವರು ಅಲ್ಲಿ ಸೇರುತ್ತಿದ್ದೆವು. ಪೇಶಾವರದವನು, ಲಾಹೋರ್‌ನವನು, ಕರಾಚಿಯವನು ಮತ್ತು ‘ಬೆಂಗಳೂರಿನವನಾದ’ ನಾನು.

ಅಲ್ಲಿಗೊಂದು ನಿಯಮವಿತ್ತು. ಯಾರೂ ಒಂದೇ ಐಟಂ ಆರ್ಡರ್ ಮಾಡುವಂತಿಲ್ಲ. ಬಂದದ್ದನ್ನು ನಡುವೆ ಇಟ್ಟು ಎಲ್ಲರೂ ತಿನ್ನಬೇಕು, ಆಮೇಲೆ ತೀರ್ಪು.

ಲಾಹೋರ್‌ನವನು ಸೀಖ್ ಕಬಾಬ್ ಪಕ್ಷ. ಕೀಮಾದಲ್ಲಿ ನೀರಿನಂಶ ಉಳಿದರೆ ಅದು ಸರಳಿಗೆ ಅಂಟುವುದಿಲ್ಲ, ಕಳಚಿ ಕೆಂಡಕ್ಕೆ ಬೀಳುತ್ತದೆ. ಅದಕ್ಕೇ ಉಳ್ಳಾಗಡ್ಡಿ ರಸ ಹಿಂಡಿ ತೆಗೆದು ಕಲಸಬೇಕು, ಮಾಡುವವನ ಕೈ ಅಲ್ಲೇ ಗೊತ್ತಾಗುತ್ತದೆ ಎನ್ನುತ್ತಿದ್ದ. ಕರಾಚಿಯವನದು ಬಿಹಾರಿ ಕಬಾಬ್. ದೇಶ ವಿಭಜನೆಯ ನಂತರ ಬಿಹಾರದಿಂದ ಹೋದವರ ಜೊತೆ ಕರಾಚಿಗೆ ಬಂದ ತಿನಿಸು ಅದು. ಮಾಂಸವನ್ನು ಉದ್ದಕ್ಕೆ, ತೆಳ್ಳಗೆ ಪಟ್ಟಿಯಂತೆ ಕತ್ತರಿಸಿ, ಹಸಿ ಪಪ್ಪಾಯಿ, ಸಾಸಿವೆ ಎಣ್ಣೆ ಹಚ್ಚಿ ನೆನೆಸಿಡುತ್ತಾರೆ. ಪಪ್ಪಾಯಿ ಮಾಂಸವನ್ನು ಎಷ್ಟು ಮೆತ್ತಗೆ ಮಾಡುತ್ತದೆಂದರೆ ಬೆರಳಲ್ಲಿ ಒತ್ತಿದರೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಹಿಟ್ಟಾಗಿಬಿಡುತ್ತದೆ. ಚಪ್ಲಿ ಕಬಾಬ್‌ನಲ್ಲಿ ಒರಟಾಗಿ ಕುಟ್ಟಿದ ಕೊತ್ತಂಬರಿ ಕಾಳು, ಒಣ ದಾಳಿಂಬೆ ಬೀಜ, ಟೊಮೆಟೊ. ಹಲ್ಲಿಗೆ ಕಾಳು ಸಿಗಬೇಕು, ಆಗಲೇ ರುಚಿ.

ಆದರೆ ಪೇಶಾವರದವನು ಪ್ರತಿ ವಾರ ಸೋಲುತ್ತಿದ್ದ. ‘ಇದು ಚಪ್ಲಿನೇ ಅಲ್ಲ, ಚಿಕನ್‌ನಲ್ಲಿ ಚಪ್ಲಿ ಮಾಡ್ತಾರಾ?’ ಎಂದು ತಾನೇ ಗೊಣಗುತ್ತಿದ್ದ. ಹಾಗಾದರೆ ಚಿಕನ್‌ದು ಯಾಕೆ ತರಿಸುತ್ತಾನೆ ಎಂದು ನನಗೆ ಅರ್ಥವಾಗಲು ಎರಡು ತಿಂಗಳೇ ಬೇಕಾಯಿತು. ಅವನೂರಲ್ಲಿ ಅದನ್ನು ಹೆಚ್ಚಾಗಿ ಮಾಡುವುದು ದನದ ಮಾಂಸದಲ್ಲಿ. ನಾನು ತಿನ್ನುವುದಿಲ್ಲವೆಂದು ಮೊದಲ ದಿನವೇ ಗಮನಿಸಿ, ನನ್ನನ್ನೊಂದು ಮಾತೂ ಕೇಳದೆ, ಟೇಬಲ್‌ಗೆ ಚಿಕನ್, ಮಟನ್ ಮಾತ್ರ ಬರುವಂತೆ ಅವರವರೇ ಮಾತಾಡಿಕೊಂಡಿದ್ದರು. ತನ್ನೂರಿನ ತಿನಿಸಿಗೆ ಸೋಲಾದರೂ ಅವನು ಕಾರಣ ಹೇಳಿರಲಿಲ್ಲ. ಅದೇ ಜನಕ್ಕೆ ನಾನು ನನ್ನ ಊರಿನ ಹೆಸರನ್ನೂ ಹೇಳಿರಲಿಲ್ಲ.

ಒಂದು ರಾತ್ರಿ ಹೋಟೆಲ್ ಹುಡುಗ ಇನ್ನೊಂದು ನಾನ್ ಹಾಕಲು ಬಂದ. ಹೊಟ್ಟೆ ತುಂಬಿತ್ತು. ಕೈ ಅಡ್ಡ ಹಿಡಿದು ‘ನಕ್ಕೋ’ ಅಂದೆ.

ಕರಾಚಿಯವನು ತಿನ್ನುವುದನ್ನು ನಿಲ್ಲಿಸಿದ. ‘ಏನಂದಿ?’

‘ನಕ್ಕೋ. ಬೇಡ ಅಂತ.’

‘ಅದು ಗೊತ್ತು. ನಿನಗೆ ಹೇಗೆ ಗೊತ್ತು? ಅದು ನನ್ನ ಅಜ್ಜಿ ಆಡೋ ಮಾತು.’

ನಮ್ಮೂರ ಓಣಿಯಲ್ಲಿ ಕಲಿತ ಹಿಂದಿಯೇ ಅದು, ದಖನಿ. ಆ ಮಾತಾಡಿದ್ದಕ್ಕೇ ಬೆಂಗಳೂರಿನಲ್ಲಿ ನಕ್ಕಿದ್ದರು. ‘ನಿಜ ಹೇಳು ಭಾಯ್, ಬೆಂಗಳೂರಲ್ಲಿ ಎಲ್ಲಿ?’ ಎಂದ. ಬೆಂಗಳೂರಲ್ಲ, ಗುಲ್ಬರ್ಗಾ ಕಡೆ ಎಂದೆ. ಅವನು ಎರಡೂ ಕೈ ಟೇಬಲ್ ಮೇಲಿಟ್ಟು, ‘ಬಂದೇ ನವಾಜ್ ದರ್ಗಾ ಇರೋ ಗುಲ್ಬರ್ಗಾನಾ?’ ಎಂದು ಕೇಳಿದ. ನಮ್ಮ ಭಾಗವನ್ನು ಬಿಡಿಸಿ ಹೇಳದೆಯೇ ಗುರುತು ಹಿಡಿದ ಮೊದಲ ಪರಊರಿನವನು ಅವನೇ.

ಶಾಲೆಯಲ್ಲಿ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸಿ ಮಿಠಾಯಿ ಹಂಚುತ್ತಿದ್ದರು. 1948ರ ಆ ದಿನ ಹೈದರಾಬಾದ್ ನಿಜಾಮರ ಆಡಳಿತ ಕೊನೆಗೊಂಡಿತು. ಆಮೇಲೆ 1956ರ ನವೆಂಬರ್ 1ರಂದು ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಇಷ್ಟೇ. ಆ ಹೊತ್ತಿನಲ್ಲಿ ಮನೆ ಬಿಟ್ಟು ಹೋದವರೂ ಇದ್ದರು, ಕರಾಚಿಯಲ್ಲಿ ‘ಹೈದರಾಬಾದ್ ಕಾಲೊನಿ’ ಎಂಬ ಬಡಾವಣೆಯೇ ಇದೆ, ಅಲ್ಲಿ ಇಂದಿಗೂ ನಮ್ಮ ಕಡೆಯ ಉಪ್ಪಿನಕಾಯಿ, ಬಗಾರಾ ಬೈಂಗನ್, ಖಟ್ಟಿ ದಾಲ್ ಮಾರುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆ ಟೇಬಲ್‌ನಲ್ಲಿ. ಅವನ ಅಜ್ಜಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಮುಂಬೈಗೆ ಬಂದು ಹಡಗು ಹತ್ತಿದ್ದರಂತೆ. ಈಗಲೂ ಹಬ್ಬಕ್ಕೆ ಬಗಾರಾ ಖಾನಾ, ದಾಲ್ಚಾ ಮಾಡಿಸುತ್ತಾರಂತೆ. ನಮ್ಮೂರಲ್ಲಿ ಮದುವೆ ಊಟಕ್ಕೆ ಮಾಡುವುದೂ ಅದೇ.

‘ಅಜ್ಜಿ ಒಂದು ಮಾತ್ರ ಯಾವಾಗಲೂ ಕೇಳ್ತಾರೆ. ಜವಾರಿ ರೋಟಿ. ನಾವು ಮಾಡಿಕೊಟ್ಟದ್ದನ್ನು ಬಾಯಿಗಿಟ್ಟು, ಇದಲ್ಲ ಅಂತಾರೆ’ ಎಂದ.

ಅವತ್ತು ರೂಮಿಗೆ ಬಂದು ಮಲಗಿದಾಗ ನೆನಪಾದದ್ದು ನಮ್ಮೂರಿನ ಶರಣ ಕೆಂಭಾವಿ ಭೋಗಣ್ಣನ ಕಥೆ. ಕುಲ ನೋಡದೆ ಒಬ್ಬ ಜಂಗಮನನ್ನು ಮನೆಗೆ ಕರೆದು ಊಟಕ್ಕಿಟ್ಟ ಎಂದು ಅವನನ್ನು ಊರು ಬಿಡಿಸಿದರಂತೆ. ಅವನು ನಡೆದುಹೋಗುವಾಗ ಊರಿನ ಲಿಂಗಗಳೆಲ್ಲ ಅವನ ಹಿಂದೆಯೇ ಉರುಳಿಕೊಂಡು ಹೊರಟವಂತೆ. ಚಿಕ್ಕವನಿದ್ದಾಗ ಈ ಕಥೆ ಕೇಳಿ, ಕಲ್ಲು ಹೇಗೆ ನಡೆಯುತ್ತದೆ ಎಂದು ನಕ್ಕಿದ್ದೆ.

ರಜೆಗೆ ಊರಿಗೆ ಬಂದಾಗ ಅವ್ವನಿಗೆ ರೊಟ್ಟಿ ಬಡಿಯಲು ಹೇಳಿದೆ. ಕರಾಚಿಯ ಅಜ್ಜಿಗೆ ಎಂದಾಗ ಅವ್ವ ಕೇಳಿದ್ದು ಒಂದೇ ಮಾತು: ‘ಹಲ್ಲು ಅದಾವೇನೋ ಆ ಮುದುಕಿಗಿ? ಕಡಕ್ ರೊಟ್ಟಿ ಹೆಂಗ ತಿಂತಾಳ?’ ಮೆತ್ತನೆ ರೊಟ್ಟಿ ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಕಡಕ್ ಆದರೆ ತಿಂಗಳುಗಟ್ಟಲೆ ಇರುತ್ತದೆ ಎಂದು ತಾನೇ ಹೇಳಿಕೊಂಡು ಒಲೆ ಮುಂದೆ ಕೂತಳು. ಐವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಹೈದರಾಬಾದ್ ವಿಮಾನ ನಿಲ್ದಾಣದವರೆಗೆ ಬಸ್ಸಿನಲ್ಲಿ ಆ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ.

ಮುಂದಿನ ರಜೆಯ ರಾತ್ರಿ, ಹೋಟೆಲ್ ಮಾಲೀಕರ ಒಪ್ಪಿಗೆ ಪಡೆದು, ನನ್ನ ರೊಟ್ಟಿಯೂ ಸ್ಪರ್ಧೆಗೆ ಇಳಿಯಿತು. ಪೇಶಾವರದವನು ‘ಇದು ಪಾಪಡ್’ ಎಂದ. ಸೀಖ್ ಸುತ್ತಲು ಹೋದ ಲಾಹೋರ್‌ನವನ ಕೈಯಲ್ಲಿ ರೊಟ್ಟಿ ಪಟ್ ಎಂದು ಮುರಿಯಿತು. ಕೊನೆಗೆ ನಾನು ಮಟನ್ ಕಡಾಯಿಯ ರಸದಲ್ಲಿ ಮುರಿದು ಹಾಕಿ, ಎರಡು ನಿಮಿಷ ಕಾದು, ಶೇಂಗಾ ಹಿಂಡಿ ಉದುರಿಸಿ ಕೊಟ್ಟೆ. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತೀರ್ಪು ಬಂತು: ಒಣಗಿದ ಕಬಾಬ್‌ಗೆ ನಾನ್, ರಸಕ್ಕೆ ‘ಕೆಂಭಾವಿ’. ಆ ದಿನದಿಂದ ಅವರು ರೊಟ್ಟಿಗೆ ಆ ಹೆಸರನ್ನೇ ಇಟ್ಟರು.

ಹತ್ತು ರೊಟ್ಟಿಯನ್ನು ಕಟ್ಟಿ ಕರಾಚಿಯವನಿಗೆ ಕೊಟ್ಟೆ. ಅವನು ಊರಿಗೆ ಹೋದ ನಾಲ್ಕನೇ ದಿನ ವಾಯ್ಸ್ ಮೆಸೇಜ್ ಬಂತು. ಎಲ್ಲ ಚೂರಾಗಿದ್ದವು, ಅಜ್ಜಿ ದಾಲ್ಚಾದಲ್ಲಿ ನೆನೆಸಿಕೊಂಡು ತಿಂದರು ಎಂದ. ಹಿಂದಿನಿಂದ ಒಂದು ನಡುಗುವ ದನಿ: ‘ಹೌ, ಯೇಯಿಚ್ ಹೈ.’ ಹೂಂ, ಇದೇ.

ಪರ್ಮಿಟ್ ಮುಗಿಸಿಕೊಂಡು ಊರಿಗೆ ಬಂದು ಎಂಟು ತಿಂಗಳಾಯಿತು. ಮತ್ತೆ ಕೆಲಸ ಹುಡುಕುತ್ತಿದ್ದೇನೆ. ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಳೆದ ತಿಂಗಳ ಇಂಟರ್‌ವ್ಯೂನಲ್ಲೂ ‘ಅದೆಲ್ಲಿ ಬರುತ್ತೆ?’ ಎಂದೇ ಕೇಳಿದರು. ಈ ಸಲ ಬೆಂಗಳೂರು ಎನ್ನಲಿಲ್ಲ. ಕೆಂಭಾವಿ ಎಲ್ಲಿದೆ ಎಂದು ನಿಧಾನವಾಗಿ ಹೇಳಿದೆ. ಕೆಲಸ ಸಿಗಲಿಲ್ಲ, ಅದು ಬೇರೆ ಮಾತು.

ಸಂಜೆ ಬಸ್ ನಿಲ್ದಾಣದ ಕಡೆ ಕಬಾಬ್ ಬಂಡಿ ಮುಂದೆ ಗೆಳೆಯರ ಜೊತೆ ನಿಂತಾಗ ಪೇಶಾವರದವನು ನೆನಪಾಗುತ್ತಾನೆ. ಎಣ್ಣೆಯಲ್ಲಿ ಕರಿದದ್ದೂ ಕಬಾಬ್ ಎಂದು ಅವನ ಪರವಾಗಿ ಒಬ್ಬನೇ ವಾದ ಮಾಡುತ್ತೇನೆ. ಮನೆಯಲ್ಲಿ ಅವ್ವನದು ಬೇರೆಯೇ ಚಿಂತೆ. ಓಣಿಯಲ್ಲಿ ಯಾರಾದರೂ ದುಬೈ ಮಾತೆತ್ತಿದರೆ ಸಾಕು, ಕೇಳುತ್ತಾಳೆ: ‘ಯಾವಾಗ ಹೋಗ್ತಾರಂತ ಕೇಳು. ಆ ಮುದುಕಿಗಿ ಇನ್ನೊಂದಿಷ್ಟು ರೊಟ್ಟಿ ಬಡದು ಕೊಡ್ತೀನಿ.’